ಚಿರಾಲಿಗೆ ಹೋಗುವುದು ಹೇಗೆ: ಕಡಲಾಮೆಗಳ ಕಿನಾರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಡಲಿನಿಂದ ಸೂರ್ಯ ಹುಟ್ಟುವುದನ್ನು ನೋಡಬೇಕೆಂದರೆ ನಮ್ಮ ಕರಾವಳಿಯವರು ಊರು ಬಿಟ್ಟು ಹೋಗಬೇಕು. ಕಾರವಾರದಿಂದ ಉಳ್ಳಾಲದವರೆಗೆ ನಮ್ಮದು ಪಡುವಣ ಕಡಲು. ಸೂರ್ಯ ಅಲ್ಲಿ ಮುಳುಗುತ್ತಾನೆ, ಹುಟ್ಟುವುದು ಘಟ್ಟದ ಹಿಂದೆ. ಚಿರಾಲಿಯಲ್ಲಿ ಇದು ಪೂರ್ತಿ ತಿರುಗುಮುರುಗು. ಬೆಳಿಗ್ಗೆ ಕಡಲು ಕೆಂಪಾಗುತ್ತದೆ, ಸಂಜೆ ಬೆಟ್ಟದ ನೆರಳು ಬೇಗ ಬಂದು ಮರಳನ್ನು ತಂಪು ಮಾಡುತ್ತದೆ. ಇಲ್ಲಿ ದಿನ ಕಳೆಯುವ ಕ್ರಮವನ್ನೆಲ್ಲ ಈ ಒಂದು ವಿಷಯವೇ ನಿರ್ಧರಿಸುತ್ತದೆ. ಹಾಗಾಗಿ ಮೊದಲೇ ಹೇಳಿದೆ.

ಚಿರಾಲಿ ತುರ್ಕಿಯ ದಕ್ಷಿಣದಲ್ಲಿ, ಮೆಡಿಟರೇನಿಯನ್ ದಂಡೆಯಲ್ಲಿರುವ ಸಣ್ಣ ಊರು. ಅಂತಾಲ್ಯ ನಗರದಿಂದ ಸುಮಾರು 80 ಕಿ.ಮೀ. ದೂರ. ಕಿನಾರೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಉದ್ದ. ಹಿಂದೆ ಕಿತ್ತಳೆ, ದಾಳಿಂಬೆ ತೋಟಗಳು. ಅದರ ಹಿಂದೆ ಪೈನ್ ಕಾಡು. ಎಲ್ಲದರ ಹಿಂದೆ 2,300 ಮೀಟರ್ ದಾಟಿದ ತಾಹ್ತಾಲಿ ಬೆಟ್ಟ. ಇದೇ ಅಂತಾಲ್ಯ ಕರಾವಳಿಯಲ್ಲಿ ಎಷ್ಟೋ ಕಡೆ ನೂರಾರು ಕೋಣೆಗಳ ಹೋಟೆಲುಗಳು ನೀರಿನ ಅಂಚಿಗೇ ಬಂದು ನಿಂತಿವೆ. ಇಲ್ಲಿ ಇರುವುದು ಮರದ ಪುಟ್ಟ ಮನೆಗಳು, ಅವೂ ಮರಳಿನಿಂದ ಹಿಂದೆ, ಮರಗಳ ನಡುವೆ. ಈ ಪ್ರದೇಶ 1972ರಲ್ಲಿ ಘೋಷಣೆಯಾದ ಬೇದಾಗ್ಲಾರಿ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಬೇಸಿಗೆಯ ರಾತ್ರಿಗಳಲ್ಲಿ ಇಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಇಲ್ಲಿನ ಶಾಂತಿ ತಾನಾಗಿ ಉಳಿದದ್ದಲ್ಲ. ರಾತ್ರಿಯ ಮರಳನ್ನು ಆಮೆಗೆ ಬಿಟ್ಟುಕೊಡುತ್ತೇವೆ ಎಂದು ಒಪ್ಪಿಕೊಂಡದ್ದರಿಂದ ಉಳಿದದ್ದು. ನಾವು ಹೋದಾಗಲೂ ಅದೇ ಒಪ್ಪಂದದೊಳಗೆ ಇರಬೇಕಾಗುತ್ತದೆ.

1. ತಿಂಗಳು ಆರಿಸಿಕೊಳ್ಳಿ

ಮೆಡಿಟರೇನಿಯನ್ ಹವೆ ನಮ್ಮದಕ್ಕೆ ಉಲ್ಟಾ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಅಲ್ಲಿ ಜೂನ್‌ನಿಂದ ಹನಿ ಬೀಳುವುದೇ ಅಪರೂಪ. ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಜೋರು ಮಳೆ, ಗುಡುಗು. ಆಗ ಎಷ್ಟೋ ವಸತಿಗಳು ಬಾಗಿಲು ಹಾಕಿರುತ್ತವೆ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿ, ತುರ್ಕಿಯ ಶಾಲೆಗಳಿಗೂ ರಜೆ. ಊರಿಗೆ ಊರೇ ತುಂಬಿರುತ್ತದೆ. ನನ್ನ ಮಾತು ಕೇಳುವುದಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಹೋಗಿ. ಶಾಲೆ ತೆರೆದಿರುತ್ತದೆ, ಜನ ಕಡಿಮೆ. ನೀರು ಮಾತ್ರ ಬೇಸಿಗೆಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿರುತ್ತದೆ, ಸುಮಾರು 25 ಡಿಗ್ರಿ. ಮೇ ತಿಂಗಳೂ ಚೆಂದ. ಬೆಟ್ಟದಲ್ಲಿ ಹೂವು ಇರುತ್ತದೆ, ನಡೆಯಲು ಹಿತ. ಆದರೆ ನೀರು 21 ಡಿಗ್ರಿ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚಗಿನ ನೀರಿಗೆ ಹೊಂದಿಕೊಂಡ ಮೈಗೆ ಅದು ಚಳಿಯೇ.

ಇನ್ನೊಂದು ವಿಷಯ. ರಂಜಾನ್ ಮತ್ತು ಬಕ್ರೀದ್ ಹಬ್ಬಗಳಿಗೆ ತುರ್ಕಿಯಲ್ಲಿ ಹಲವು ದಿನ ರಜೆ. ಆ ವಾರ ಇಡೀ ದೇಶ ಕಡಲ ಕಡೆಗೆ ಹೊರಡುತ್ತದೆ. ಹಬ್ಬದ ತಾರೀಕು ಪ್ರತಿ ವರ್ಷ ಹಿಂದೆ ಸರಿಯುವುದರಿಂದ ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.

2. ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ತುರ್ಕಿಗೆ ವೀಸಾ ಬೇಕೇ ಬೇಕು. ನಿಮ್ಮ ಬಳಿ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಯುರೋಪಿನ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇಲ್ಲವೇ ವಾಸದ ಪರವಾನಗಿ ಇದ್ದರೆ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಅದು ಮನೆಯಲ್ಲೇ ಕೂತು ಆಗುವ ಕೆಲಸ. ಲಂಡನ್, ಡಬ್ಲಿನ್, ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಈ ದಾರಿ ಸುಲಭ. ಇವ್ಯಾವುದೂ ಇಲ್ಲದಿದ್ದರೆ ವೀಸಾ ಕೇಂದ್ರದ ಮೂಲಕ ಸ್ಟಿಕ್ಕರ್ ವೀಸಾ ಮಾಡಿಸಬೇಕು. ಅದಕ್ಕೆ ವಾರಗಟ್ಟಲೆ ಮೊದಲೇ ಶುರು ಮಾಡಿ. ಇ-ವೀಸಾಕ್ಕೆ ತುರ್ಕಿ ಸರ್ಕಾರದ ಅಧಿಕೃತ ಜಾಲತಾಣವನ್ನೇ ಬಳಸಿ. ಅದರಂತೆಯೇ ಕಾಣುವ, ದುಪ್ಪಟ್ಟು ದುಡ್ಡು ಕೇಳುವ ತಾಣಗಳೂ ಇವೆ.

ಬೆಂಗಳೂರಿನಿಂದಾದರೆ ಕೊಲ್ಲಿ ದೇಶಗಳ ಮೂಲಕವೋ ಮುಂಬೈ, ದೆಹಲಿ ಮೂಲಕವೋ ಇಸ್ತಾಂಬುಲ್. ಅಲ್ಲಿಂದ ಅಂತಾಲ್ಯಕ್ಕೆ ಒಳನಾಡಿನ ವಿಮಾನ, ಒಂದು ಗಂಟೆ ಚಿಲ್ಲರೆ. ಯುರೋಪಿನ ಅನೇಕ ಊರುಗಳಿಂದ ಬೇಸಿಗೆಯಲ್ಲಿ ಅಂತಾಲ್ಯಕ್ಕೆ ನೇರ ವಿಮಾನಗಳಿರುತ್ತವೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ.

ಮಧ್ಯಾಹ್ನ ಎರಡು ಗಂಟೆಯೊಳಗೆ ಅಂತಾಲ್ಯ ಮುಟ್ಟುವ ಹಾಗೆ ಟಿಕೆಟ್ ತೆಗೆಯಿರಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

3. ಅಂತಾಲ್ಯದಿಂದ ಚಿರಾಲಿಗೆ

ವಿಮಾನ ನಿಲ್ದಾಣದಿಂದಲೇ ಟ್ರಾಮ್ ಇದೆ. ಫಾತಿಹ್ ಕಡೆಗೆ ಹೋಗುವ ಟ್ರಾಮ್ ಹತ್ತಿ 'ಒತೊಗಾರ್' ನಿಲ್ದಾಣದಲ್ಲಿ ಇಳಿಯಿರಿ. ಒತೊಗಾರ್ ಎಂದರೆ ಬಸ್ ಸ್ಟ್ಯಾಂಡ್. ಅಲ್ಲಿ ದೂರದ ಊರುಗಳಿಗೆ ಒಂದು ಕಟ್ಟಡ, ಹತ್ತಿರದ ತಾಲೂಕುಗಳಿಗೆ ಇನ್ನೊಂದು. ನೀವು ಹೋಗಬೇಕಾದ್ದು ಎರಡನೆಯದಕ್ಕೆ. ಕುಮ್ಲುಜಾ, ಫಿನಿಕೆ, ಕಾಶ್ ಕಡೆಗೆ ಹೋಗುವ ಸಣ್ಣ ಬಸ್ಸುಗಳು ಅಲ್ಲಿಂದ ಹೊರಡುತ್ತವೆ. ಹತ್ತಿದ ಕೂಡಲೇ ಚಾಲಕರಿಗೆ "ಚಿರಾಲಿ" ಎಂದು ಹೇಳಿಬಿಡಿ. ಎಡಗಡೆ ಕಿಟಕಿ ಹಿಡಿಯಿರಿ, ಕಡಲು ಆ ಕಡೆ.

ಒಂದೂವರೆಯಿಂದ ಎರಡು ಗಂಟೆಯಲ್ಲಿ ಹೆದ್ದಾರಿಯ ಕ್ರಾಸಿನಲ್ಲಿ ಇಳಿಸುತ್ತಾರೆ. ಇಲ್ಲಿ ತುಂಬಾ ಜನ ತಪ್ಪುತ್ತಾರೆ, ಸ್ವಲ್ಪ ಗಮನ ಕೊಡಿ. ಒಲಿಂಪೋಸ್‌ಗೆ ಒಂದು ಕ್ರಾಸ್, ಚಿರಾಲಿಗೆ ಬೇರೆ ಕ್ರಾಸ್. ಎರಡೂ ಊರು ಒಂದೇ ಕಿನಾರೆಯ ಎರಡು ತುದಿ. ಮರಳಿನ ಮೇಲೆ ನಡೆದರೆ ಅರ್ಧ ಗಂಟೆ. ಆದರೆ ರಸ್ತೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೆಟ್ಟ ಹತ್ತಿ ಹೆದ್ದಾರಿಗೆ ಬಂದು ಮತ್ತೆ ಇಳಿಯಬೇಕು. "ಒಲಿಂಪೋಸ್ ಆದ್ರೂ ಪರವಾಗಿಲ್ಲ, ಹತ್ತಿರವೇ ಅಲ್ವಾ" ಎಂದು ಅಲ್ಲಿ ಇಳಿದರೆ, ಭಾರದ ಪೆಟ್ಟಿಗೆ ಹೊತ್ತು ಪುರಾತನ ಊರಿನ ಕಲ್ಲುಗಳ ನಡುವೆ, ಆಮೇಲೆ ಮರಳಿನಲ್ಲಿ ನಡೆಯಬೇಕಾಗುತ್ತದೆ. ನನ್ನ ಜೊತೆಗೆ ಬಂದಿದ್ದ ಗೆಳತಿ ಹಾಗೆ ನಡೆದು ಬಂದಳು, ಒಂದು ದಿನ ಪೂರ್ತಿ ಮಲಗಿದಳು.

ಚಿರಾಲಿ ಕ್ರಾಸಿನಿಂದ ಕೆಳಗೆ 7 ಕಿ.ಮೀ. ತಿರುವುಗಳ ಇಳಿಜಾರು. ಅಲ್ಲಿ 'ದೋಲ್ಮುಷ್' ನಿಂತಿರುತ್ತದೆ. ಆ ಮಾತಿನ ಅರ್ಥವೇ 'ತುಂಬಿದ್ದು'. ಜನ ತುಂಬಿದ ಮೇಲೆ ಹೊರಡುವ ಗಾಡಿ, ನಮ್ಮ ಹಳ್ಳಿಗಳ ಟೆಂಪೋ ಹಾಗೆಯೇ. ಕತ್ತಲಾಗುತ್ತಾ ಬಂದಂತೆ ಜನ ಕಡಿಮೆ, ಹಾಗಾಗಿ ಗಾಡಿಯೂ ಕಡಿಮೆ. ಮಧ್ಯಾಹ್ನದೊಳಗೆ ಅಂತಾಲ್ಯ ಮುಟ್ಟಿ ಎಂದದ್ದು ಇದಕ್ಕೇ. ತಡವಾಗುವುದು ಖಚಿತವಾದರೆ ಉಳಿಯುವ ಮನೆಯವರಿಗೆ ಮೊದಲೇ ತಿಳಿಸಿ. ಸಾಮಾನ್ಯವಾಗಿ ಕ್ರಾಸಿಗೆ ಗಾಡಿ ಕಳಿಸುತ್ತಾರೆ, ಅದಕ್ಕೆ ದುಡ್ಡು ಬೇರೆ.

4. ಉಳಿಯುವ ಜಾಗ

ಇಲ್ಲಿನ ವಸತಿಗೆ 'ಪಾನ್ಸಿಯೋನ್' ಎನ್ನುತ್ತಾರೆ. ಮನೆಮಂದಿಯೇ ನಡೆಸುವ, ತೋಟದೊಳಗೆ ಐದಾರು ಮರದ ಕೋಣೆಗಳ ಜಾಗ. ಬೆಳಗಿನ ತಿಂಡಿ ಸೇರಿಯೇ ಬಾಡಿಗೆ ಹೇಳುವುದು ವಾಡಿಕೆ. ಜಾಗ ಆರಿಸುವಾಗ ಮೂರು ಪ್ರಶ್ನೆ ಕೇಳಿ: ಕಿನಾರೆಗೆ ನಡೆದು ಎಷ್ಟು ನಿಮಿಷ? ರಾತ್ರಿ ಸಂಗೀತ ಇರುತ್ತದೆಯೇ? ಸೊಳ್ಳೆ ಪರದೆ ಇದೆಯೇ? ತೋಟದ ನಡುವೆ ನೀರು ಹಾಯಿಸುವುದರಿಂದ ಸೊಳ್ಳೆ ಇದ್ದೇ ಇರುತ್ತದೆ.

ಕಿನಾರೆಯ ದಕ್ಷಿಣ ತುದಿ ಒಲಿಂಪೋಸ್‌ಗೆ ಹತ್ತಿರ, ಅಲ್ಲಿ ಓಡಾಟ ಜಾಸ್ತಿ. ಉತ್ತರಕ್ಕೆ ಹೋದಷ್ಟೂ ಮೌನ. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ಒಂದು ದಿನಕ್ಕೆಂದು ಬಂದವರು ಬರೀ ಮಧ್ಯಾಹ್ನದ ಚಿರಾಲಿಯನ್ನು ನೋಡಿ ಹೋಗುತ್ತಾರೆ. ಅದು ಈ ಊರಿನ ಅತಿ ಸಾಧಾರಣ ಹೊತ್ತು.

ನಗದು ಲಿರಾ ಅಂತಾಲ್ಯದಲ್ಲೇ ತೆಗೆದುಕೊಂಡು ಬನ್ನಿ.

5. ಚೀಲದಲ್ಲಿ ಏನಿರಬೇಕು

ಮೊದಲನೆಯದು ನೀರಿಗೆ ಹಾಕಿಕೊಂಡು ಇಳಿಯುವ ಚಪ್ಪಲಿ ಅಥವಾ ರಬ್ಬರ್ ಶೂ. ಮೇಲೆ ಮರಳಿದ್ದರೂ ನೀರಿನ ಅಂಚಿನಲ್ಲಿ ಗುಂಡುಕಲ್ಲು. ಬರಿಗಾಲಲ್ಲಿ ಹೋದರೆ ಪ್ರತಿ ಹೆಜ್ಜೆಗೂ ನೋವು. ಎರಡನೆಯದು ಈಜು ಕನ್ನಡಕ, ಸಾಧ್ಯವಾದರೆ ಉಸಿರಾಡುವ ಕೊಳವೆಯ ಜೊತೆಗೆ. ಮೂರನೆಯದು ಟಾರ್ಚು. ಇದನ್ನು ಬೆಟ್ಟಕ್ಕೆ ಮಾತ್ರ ಬಳಸಬೇಕು, ಮರಳಿಗೆ ತರಬಾರದು. ಟೋಪಿ, ನೀರಿನ ಬಾಟಲಿ, ತೆಳು ಹತ್ತಿಯ ಉದ್ದ ತೋಳಿನ ಅಂಗಿ, ಸೊಳ್ಳೆಗೆ ಹಚ್ಚುವ ಮುಲಾಮು. ಅಲ್ಲಿನ ಪ್ಲಗ್ಗು ಯುರೋಪಿನ ಎರಡು ದುಂಡು ಕಡ್ಡಿಯದು.

6. ನೀರಿಗೆ ಇಳಿಯುವುದು

ನಸುಕಿನಲ್ಲೇ ಎದ್ದು ಹೋಗಿ. ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ, ನೀರು ಹೊಂಡದ ಹಾಗೆ ನಿಂತಿರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ಸಣ್ಣ ಅಲೆ ಬರುತ್ತದೆ.

ನಮ್ಮ ಕಡಲು ಬಲ್ಲವರಿಗೆ ಇಲ್ಲಿ ಮೂರು ವ್ಯತ್ಯಾಸ ತಕ್ಷಣ ಕಾಣುತ್ತದೆ. ಒಂದು, ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಒಂದೆರಡು ಗೇಣು ಅಷ್ಟೇ. ಬೆಳಿಗ್ಗೆ ಚಾಪೆ ಹಾಸಿದ ಜಾಗ ಸಂಜೆಯೂ ಒಣಗಿಯೇ ಇರುತ್ತದೆ. ಎರಡು, ಉಪ್ಪು ಜಾಸ್ತಿ. ಪೂರ್ವ ಮೆಡಿಟರೇನಿಯನ್‌ನಲ್ಲಿ ಒಂದು ಲೀಟರಿಗೆ ಸುಮಾರು 39 ಗ್ರಾಂ, ಅರಬ್ಬಿ ಸಮುದ್ರದಲ್ಲಿ 35, 36ರ ಆಸುಪಾಸು. ಮೈ ಸ್ವಲ್ಪ ಹಗುರಾಗಿ ತೇಲುತ್ತದೆ, ಕಣ್ಣು ಮಾತ್ರ ಉರಿಯುತ್ತದೆ. ಮೂರು, ನೀರಿನ ತಿಳಿ. ಎದೆಮಟ್ಟದ ನೀರಲ್ಲಿ ನಿಂತರೆ ಕಾಲ ಬೆರಳು ಎಣಿಸಬಹುದು.

ಈ ತಿಳಿಗೆ ಕಾರಣ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಈ ಕಡಲಿನಲ್ಲಿ ಪೋಷಕಾಂಶ ತೀರಾ ಕಡಿಮೆ. ಹಾಗಾಗಿ ನೀರಿಗೆ ಹಸಿರು ಬಣ್ಣ ಕೊಡುವ ಸೂಕ್ಷ್ಮ ಪಾಚಿಯೂ ಕಡಿಮೆ. ನಮ್ಮಲ್ಲಿ ಮಳೆಗಾಲದಲ್ಲಿ ಶರಾವತಿ, ಕಾಳಿ, ನೇತ್ರಾವತಿ ಘಟ್ಟದ ಮಣ್ಣನ್ನು ತಂದು ಸುರಿಯುತ್ತವೆ, ಕಡಲಿನ ಆಳದ ನೀರೂ ಮೇಲೇಳುತ್ತದೆ. ನೀರು ಕಲಕಿ ಹಸಿರಾಗುತ್ತದೆ. ಅದರಿಂದಲೇ ಬೂತಾಯಿ, ಬಂಗುಡೆ ರಾಶಿ ರಾಶಿ ಸಿಗುವುದು. ಇಲ್ಲಿನ ನೀಲಿ ಒಂದು ರೀತಿಯಲ್ಲಿ ಹಸಿದ ಕಡಲಿನ ಬಣ್ಣ. ಅದನ್ನು ತಿಳಿದ ಮೇಲೆ ನಮ್ಮ ಕಲಕಿದ ನೀರಿನ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

ಎಚ್ಚರಿಕೆ ಒಂದೇ. ಹತ್ತಾರು ಹೆಜ್ಜೆಯೊಳಗೆ ಕಾಲು ನಿಲುಕದಷ್ಟು ಆಳವಾಗುತ್ತದೆ. ಮಕ್ಕಳನ್ನು ಕೈಗೆ ಸಿಗುವ ದೂರದಲ್ಲಿಟ್ಟುಕೊಳ್ಳಿ. ಈಜು ಬಾರದವರು ಸೊಂಟದ ನೀರು ದಾಟಬೇಡಿ. ನೈಋತ್ಯದ ಗಾಳಿಗೆ ಇಲ್ಲಿ 'ಲೋದೋಸ್' ಎನ್ನುತ್ತಾರೆ. ಅದು ಎದ್ದರೆ ಕಡಲು ಕೆರಳುತ್ತದೆ. ಊರಿನವರು ಇಳಿಯದ ದಿನ ನೀವೂ ಇಳಿಯಬೇಡಿ. ತುರ್ತಿಗೆ ದೇಶದಾದ್ಯಂತ 112.

7. ರಾತ್ರಿಯ ಮರಳು ಆಮೆಯದು

ಇದನ್ನು ನಿಧಾನವಾಗಿ ಓದಿ. ಇಲ್ಲಿಗೆ ಬರುವ ಆಮೆ ಕರೆಟ್ಟಾ ಕರೆಟ್ಟಾ, ದೊಡ್ಡ ತಲೆಯ ಕಡಲಾಮೆ. ಮೇ ಕೊನೆಯಿಂದ ಆಗಸ್ಟ್‌ವರೆಗೆ ಹೆಣ್ಣಾಮೆ ರಾತ್ರಿ ಮೇಲೆ ಬಂದು, ಮರಳು ತೋಡಿ, ಒಂದು ಗೂಡಿಗೆ 80ರ ಆಸುಪಾಸು ಮೊಟ್ಟೆ ಇಡುತ್ತದೆ. ಸುಮಾರು 50, 60 ದಿನಕ್ಕೆ ಮರಿ ಹೊರಬರುತ್ತವೆ. ಮರಳಿನ ಬಿಸಿಯೇ ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುತ್ತದೆ. ಬಿಸಿ ಹೆಚ್ಚಿದ್ದರೆ ಹೆಣ್ಣು ಹೆಚ್ಚು. ಹೊರಬಂದ ಮರಿ ಎತ್ತ ಬೆಳಕು ಜಾಸ್ತಿಯೋ ಅತ್ತ ಹೋಗುತ್ತದೆ. ಸಾವಿರಾರು ವರ್ಷ ಆ ಬೆಳಕು ನಕ್ಷತ್ರದಡಿ ಹೊಳೆಯುವ ಕಡಲಿನದಾಗಿತ್ತು. ಈಗ ಒಂದು ಬಲ್ಬು ಸಾಕು, ಅದು ತಿರುಗಿ ರಸ್ತೆಯ ಕಡೆಗೆ ನಡೆಯುತ್ತದೆ.

ಮೊದಲ ರಾತ್ರಿ ನಾನು ಮೊಬೈಲ್ ಲೈಟ್ ಹಾಕಿಕೊಂಡು ಮರಳಿನ ಕಡೆಗೆ ಹೊರಟಿದ್ದೆ. ನಾವು ಉಳಿದಿದ್ದ ಮನೆಯ ಅಜ್ಜಿ ಹಿಂದೆಯೇ ಬಂದು ಲೈಟಿಗೆ ಅಂಗೈ ಅಡ್ಡ ಹಿಡಿದರು. "ಕಾಪ್ಲುಂಬಾ" ಎಂದರು. ಆಮೆ ಎಂದು ಅರ್ಥ. ಅಷ್ಟೇ ಮಾತು. ಆ ಅಂಗೈ ಮಾತ್ರ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಆಮೆಯ ಕಾಲದಲ್ಲಿ ಕತ್ತಲಾದ ಮೇಲೆ ಮರಳಿಗೆ ಹೋಗಬೇಡಿ. ಬೆಂಕಿ ಹಾಕುವುದು, ಡೇರೆ ಹೊಡೆಯುವುದು, ಗಾಡಿ ತರುವುದು ಯಾವುದೂ ಬೇಡ. ಹಗಲಿನಲ್ಲಿ ನೀರಿಗೆ ಹತ್ತಿರದ ಒದ್ದೆ ಪಟ್ಟಿಯಲ್ಲೇ ಚಾಪೆ ಹಾಸಿ. ಛತ್ರಿಯ ಕಂಬವನ್ನು ಒಣಮರಳಿಗೆ ಹುಗಿಯಬೇಡಿ, ಕೆಳಗೆ ಗೂಡಿರಬಹುದು. ಮರಳಿನ ಮೇಲೆ ಅಲ್ಲಲ್ಲಿ ಕಬ್ಬಿಣದ ಪಂಜರ ಕಾಣುತ್ತದೆ. ಅದು ಗುರುತಿಸಿದ ಗೂಡು. ಊರಿನವರ ಸಹಕಾರ ಸಂಘ ಮತ್ತು ನಿಸರ್ಗ ಸಂರಕ್ಷಣೆಯ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್‌ನ ತುರ್ಕಿ ಶಾಖೆ ಸೇರಿ ವರ್ಷಗಟ್ಟಲೆ ಮಾಡಿದ ಕೆಲಸದ ಗುರುತೂ ಹೌದು. ಮಕ್ಕಳು ತೋಡಿದ ಗುಂಡಿಯನ್ನು ಹೊರಡುವ ಮೊದಲು ಮುಚ್ಚಿ. ಮರಿ ಬಿದ್ದರೆ ಹತ್ತಲಾರದು. ಮರಿ ಕಂಡರೆ ಕೈಯಲ್ಲಿ ಎತ್ತಿ ನೀರಿಗೆ ಬಿಡಬೇಡಿ. ಆ ತೆವಳಾಟ ಅದಕ್ಕೆ ಬೇಕಾದದ್ದು. ದೂರ ನಿಂತು ದಾರಿ ಬಿಡಿ.

ನೋಡಲೇಬೇಕು ಅಂದರೆ ನಸುಕಿನಲ್ಲಿ ಬನ್ನಿ. ನೀರಿನಿಂದ ಮೇಲಕ್ಕೆ, ಮತ್ತೆ ನೀರಿಗೆ, ಟ್ರ್ಯಾಕ್ಟರ್ ಚಕ್ರದ ಹಾಗೆ ಒಂದು ಗುರುತು ಇರುತ್ತದೆ. ರಾತ್ರಿ ಬಂದು ಹೋದ ತಾಯಿಯದು. ಹೊನ್ನಾವರದ ಕಾಸರಕೋಡಿನಲ್ಲಿ ಚಳಿಗಾಲದಲ್ಲಿ ಬರುವ ಆಲಿವ್ ರಿಡ್ಲಿ ಆಮೆಗಳ ಗುರುತು ನೋಡಿದವರಿಗೆ ಇದು ಪರಿಚಿತವೇ. ಇದು ಇನ್ನೂ ಅಗಲ.

8. ಅಳಿವೆಯ ಪಕ್ಕದ ಹಳೆಯ ಊರು

ಬಿಸಿಲೇರಿದ ಮೇಲೆ ಮರಳಿನಲ್ಲಿ ಕೂರಬೇಡಿ. ದಕ್ಷಿಣಕ್ಕೆ ನಡೆದು ಒಲಿಂಪೋಸ್‌ನ ನೆರಳಿಗೆ ಹೋಗಿ. ಕಿನಾರೆ ಮುಗಿಯುವಲ್ಲಿ ಒಂದು ಹೊಳೆ ಕಡಲು ಸೇರುತ್ತದೆ. ಅದರ ಎರಡೂ ದಡದಲ್ಲಿ ಪುರಾತನ ಲಿಸಿಯಾ ನಾಡಿನ ಊರಿನ ಅವಶೇಷಗಳು ಗಿಡಬಳ್ಳಿಯಡಿ ಮಲಗಿವೆ. ಕಿನಾರೆ ಕಡೆಯಿಂದಲೂ ಟಿಕೆಟ್ ಕೊಟ್ಟು ಒಳಗೆ ಹೋಗಬಹುದು. ಒಂದು ಕಾಲಕ್ಕೆ ಇದು ಜೆನಿಕೇಟಿಸ್ ಎಂಬ ಕಡಲುಗಳ್ಳರ ನಾಯಕನ ನೆಲೆ. ಕ್ರಿ.ಪೂ. 78ರ ಸುಮಾರಿಗೆ ರೋಮಿನ ಸೇನಾಪತಿ ಸರ್ವಿಲಿಯಸ್ ವಾಟಿಯಾ ಬಂದು ಅವನನ್ನು ಸೋಲಿಸಿದ.

ಅಲ್ಲಿ ಯೂಡೆಮೋಸ್ ಎಂಬ ಹಡಗಿನ ಕಪ್ತಾನನ ಕಲ್ಲಿನ ಸಮಾಧಿ ಪೆಟ್ಟಿಗೆ ಇದೆ. ಅದನ್ನು ಹುಡುಕಿ ನೋಡಿ. ಮೇಲೆ ಹಡಗು ಕೆತ್ತಿದ್ದಾರೆ. ಅದರ ಹಾಯಿ ಇಳಿದಿದೆ. ಪಕ್ಕದ ಸಾಲುಗಳಲ್ಲಿ, ಹಡಗು ಕೊನೆಯ ಬಂದರಿಗೆ ಬಂದು ಲಂಗರು ಹಾಕಿತು, ಇನ್ನು ಗಾಳಿಯ ಆಸೆಯೂ ಇಲ್ಲ, ಹಗಲಿನ ಆಸೆಯೂ ಇಲ್ಲ ಎಂಬ ಅರ್ಥದ ಮಾತಿದೆ. ಹೊರಗೆ ಹತ್ತು ಹೆಜ್ಜೆಯಲ್ಲಿ ಅದೇ ಕಡಲಿನ ಸದ್ದು ಕೇಳುತ್ತಿರುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಡಿ.

9. ಉರಿಯುವ ಕಲ್ಲಿಗೆ

ರಾತ್ರಿ ಮರಳಿಗೆ ಹೋಗಬಾರದು, ಹಾಗಾದರೆ ಎಲ್ಲಿಗೆ ಹೋಗುವುದು? ಬೆಟ್ಟಕ್ಕೆ. ಊರಿನ ಉತ್ತರದಲ್ಲಿ ಯಾನಾರ್ತಾಷ್ ಇದೆ, ಹೆಸರಿನ ಅರ್ಥ ಉರಿಯುವ ಕಲ್ಲು. ಬಂಡೆಯ ಬಿರುಕುಗಳಿಂದ ಮೀಥೇನ್ ಅನಿಲ ಹೊರಬಂದು ತಾನಾಗಿ ಉರಿಯುತ್ತಿರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಈ ಬೆಂಕಿ ಉರಿಯುತ್ತಿದೆ. ಸಿಂಹದ ತಲೆ, ಮೇಕೆಯ ಮೈ, ಹಾವಿನ ಬಾಲದ ಕೈಮೆರಾ ಎಂಬ ಪ್ರಾಣಿಯ ಗ್ರೀಕ್ ಕಥೆಯನ್ನು ಈ ಜಾಗಕ್ಕೇ ಸೇರಿಸಿ ಹೇಳುತ್ತಾರೆ.

ಬಾಗಿಲವರೆಗೆ ಸೈಕಲ್ಲಿನಲ್ಲೋ ಗಾಡಿಯಲ್ಲೋ ಹೋಗಿ. ಅಲ್ಲಿಂದ ಮೇಲೆ ಸುಮಾರು ಒಂದು ಕಿಲೋಮೀಟರ್ ಕಲ್ಲು ಮೆಟ್ಟಿಲು. ಅರ್ಧ ಗಂಟೆ ಹಿಡಿಯಿರಿ. ಕತ್ತಲಾಗುವ ಮುಕ್ಕಾಲು ಗಂಟೆ ಮೊದಲು ಹತ್ತಲು ಶುರು ಮಾಡಿದರೆ ಮೇಲೆ ಮುಟ್ಟುವ ಹೊತ್ತಿಗೆ ಬೆಳಕು ಇಳಿದು ಬೆಂಕಿ ಒಂದೊಂದೇ ಕಾಣಿಸಿಕೊಳ್ಳುತ್ತದೆ. ಟಾರ್ಚು ಬೇಕಾಗುವುದು ವಾಪಸ್ ಇಳಿಯುವಾಗ. ಮೆಟ್ಟಿಲು ಏರುಪೇರಾಗಿದೆ. ಮೊಣಕಾಲು ನೋವಿರುವ ಹಿರಿಯರನ್ನು ಒತ್ತಾಯ ಮಾಡಬೇಡಿ. ಸುತ್ತಲಿನ ಪೈನ್ ಮರಗಳಿಗೆ ಬೇಸಿಗೆಯಲ್ಲಿ ಕಿಡಿ ತಾಕಿದರೆ ಸಾಕು, ಕಾಡೇ ಹತ್ತಿಕೊಳ್ಳುತ್ತದೆ. ಸಿಗರೇಟು ಕೆಳಗೇ ಬಿಟ್ಟು ಬನ್ನಿ.

ನಡೆಯುವ ಆಸೆ ಇನ್ನೂ ಇದ್ದರೆ, 1999ರಲ್ಲಿ ಶುರುವಾದ ಲಿಸಿಯಾ ಹಾದಿ ಚಿರಾಲಿಯ ಮೂಲಕವೇ ಹೋಗುತ್ತದೆ. ಕಲ್ಲಿನ ಮೇಲೆ ಬಿಳಿ ಕೆಂಪು ಪಟ್ಟಿ ಅದರ ಗುರುತು. ಕಡಲನ್ನು ಬಲಕ್ಕಿಟ್ಟುಕೊಂಡು ಉತ್ತರದ ಕಡೆ ಒಂದೆರಡು ಗಂಟೆ ನಡೆದು ತಿರುಗಿ ಬಂದರೂ ಸಾಕು. ನೀರು ಹೊತ್ತುಕೊಂಡು ಹೋಗಿ, ದಾರಿಯಲ್ಲಿ ಸಿಗುವುದಿಲ್ಲ.

10. ಊಟ

ಸಸ್ಯಾಹಾರಿಗಳಿಗೆ ತುರ್ಕಿ ಕಷ್ಟವಲ್ಲ. ಬೆಳಗಿನ ತಿಂಡಿಗೆ ಟೊಮೆಟೊ, ಸೌತೆ, ಆಲಿವ್, ಚೀಸ್, ಜೇನು, ಬ್ರೆಡ್ಡು, ಎಷ್ಟು ಬೇಕಾದರೂ ಚಹಾ. 'ಗೊಝ್ಲೆಮೆ' ಎಂದರೆ ತೆಳುವಾಗಿ ಲಟ್ಟಿಸಿ, ಒಳಗೆ ಸೊಪ್ಪು, ಚೀಸ್ ಅಥವಾ ಆಲೂಗಡ್ಡೆ ಇಟ್ಟು ಕಾವಲಿಯ ಮೇಲೆ ಬೇಯಿಸಿದ ರೊಟ್ಟಿ. 'ಆಯ್ರಾನ್' ನಮ್ಮ ಉಪ್ಪು ಮಜ್ಜಿಗೆಯೇ, ಒಗ್ಗರಣೆ ಮಾತ್ರ ಇಲ್ಲ. ಮಾಂಸ ಬೇಡ ಎನ್ನಲು "ಎತ್ಸಿಜ್" ಎನ್ನಿ. ಬೇಳೆ ಸೂಪಿಗೆ ಕೆಲವೆಡೆ ಮಾಂಸದ ನೀರು ಸೇರಿಸುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಮೀನು ತಿನ್ನುವವರು ಬೆಟ್ಟದ ಮೇಲಿನ ಉಲುಪಿನಾರ್‌ಗೆ ಹೋಗಿ. ಹರಿಯುವ ತೊರೆಯ ಪಕ್ಕ ಕೂರಿಸಿ ಟ್ರೌಟ್ ಮೀನು ಬಡಿಸುತ್ತಾರೆ.

11. ಹೊರಡುವ ದಿನ

ಹಿಂದಿನ ರಾತ್ರಿಯೇ ಮನೆಯವರಿಗೆ ಹೊರಡುವ ಹೊತ್ತು ಹೇಳಿ. ದೋಲ್ಮುಷ್ ಚಾಲಕರಿಗೆ ಅವರೇ ತಿಳಿಸುತ್ತಾರೆ. ವಿಮಾನದ ಹೊತ್ತಿಗೆ ಆರು ಗಂಟೆ ಮೊದಲು ಚಿರಾಲಿ ಬಿಡಿ. ಕ್ರಾಸಿನಲ್ಲಿ ಕಾಯಬೇಕಾಗಬಹುದು, ಬೇಸಿಗೆಯಲ್ಲಿ ದಾರಿಯ ಕೆಮೆರ್ ಪಟ್ಟಣದ ಹತ್ತಿರ ಗಾಡಿಗಳ ಸಾಲೂ ಇರುತ್ತದೆ. ನಿಮ್ಮ ಖಾಲಿ ಬಾಟಲಿ, ಪ್ಲಾಸ್ಟಿಕ್ಕನ್ನು ಅಂತಾಲ್ಯದವರೆಗೆ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಹೊರಡುವ ಮುನ್ನ ಇನ್ನೊಮ್ಮೆ ನಸುಕಿನಲ್ಲಿ ಮರಳಿಗೆ ಬಂದು ರಾತ್ರಿಯ ಗುರುತು ಹುಡುಕಿ. ವಾಪಸ್ ಬರುವಾಗ ಬಸ್ಸಿನಲ್ಲಿ ಬಲಗಡೆ ಕೂರಿ, ಕಡಲು ಈ ಸಲ ಆ ಕಡೆ.